ಹಸಿ ಉಸುಕಿಗೆ ಹತ್ತು ಬುಟ್ಟಿ

ಆ ವರ್ಷ ಉಸುಕು ಬ್ರಾಸಿಗೆ ಐದು ಸಾವಿರ. ಬ್ರಾಸ್ ಅಂದರೆ ಹತ್ತಡಿ ಉದ್ದ, ಹತ್ತಡಿ ಅಗಲ, ಒಂದಡಿ ಎತ್ತರದ ರಾಶಿ. ಸಿಮೆಂಟು ಚೀಲಕ್ಕೆ ಮುನ್ನೂರ ಎಂಬತ್ತು. ಖಡಿ, ಅಂದರೆ ಜಲ್ಲಿಕಲ್ಲು, ಬ್ರಾಸಿಗೆ ಮೂರು ಸಾವಿರ. ಗೋಡೆ ಕಟ್ಟುವ ಗೌಂಡಿಯ ಪಗಾರ ದಿನಕ್ಕೆ ಒಂಬೈನೂರು, ಮಿಕ್ಸರ್ ನಡೆಸುವ ಗಂಡಸಿಗೆ ಆರುನೂರು, ತಲೆಯ ಮೇಲೆ ಹೊರುವ ಹೆಂಗಸಿಗೆ ಮುನ್ನೂರೈವತ್ತು. ನೀರಿಗೆ ಮಾತ್ರ ರೊಕ್ಕವಿಲ್ಲ. ನೀರು ಹಳ್ಳದ್ದು, ಪುಕ್ಕಟೆಯದು. ಪುಕ್ಕಟೆ ಬಂದದ್ದರ ಲೆಕ್ಕ ಯಾರೂ ಇಡುವುದಿಲ್ಲ. ಯಲ್ಲಕ್ಕ ಇಡುತ್ತಿದ್ದಳು. ಅವಳು ಕೆಟ್ಟದ್ದು ಅದರಿಂದಲೇ.

ಯಲ್ಲಕ್ಕ ಬೆಲ್ಲದ ಬಾಗೇವಾಡಿಯಿಂದ ಎರಡು ಹರದಾರಿ ಆಚೆಗಿನ ಒಂದು ಹಳ್ಳಿಯ ಕೇರಿಯವಳು. ವಯಸ್ಸು ನಲವತ್ತಾರು ಅಂತ ಆಧಾರ್ ಕಾರ್ಡು ಹೇಳುತ್ತಿತ್ತು. ಕುತ್ತಿಗೆ ಅರವತ್ತು ಅನ್ನುತ್ತಿತ್ತು. ಇಪ್ಪತ್ತೆರಡು ವರ್ಷ ಆ ಕುತ್ತಿಗೆ ಉಸುಕು ಹೊತ್ತಿತ್ತು, ಖಡಿ ಹೊತ್ತಿತ್ತು, ಕಲಸಿದ ಕಾಂಕ್ರೀಟು ಹೊತ್ತು ನಿಚ್ಚಣಿಕೆ ಏರಿತ್ತು. ನಡುನೆತ್ತಿಯಲ್ಲಿ ಸಿಂಬಿ ಕೂರುವ ಜಾಗದಲ್ಲಿ ಕೂದಲು ಬೆಳೆಯುವುದನ್ನು ಬಿಟ್ಟು ಹತ್ತು ವರ್ಷವಾಗಿತ್ತು. ಗೋಕಾಕದಲ್ಲಿ, ಮೂಡಲಗಿಯಲ್ಲಿ, ಹುಕ್ಕೇರಿಯಲ್ಲಿ ಅವಳು ಹೊತ್ತು ನಿಲ್ಲಿಸಿದ ಮನೆಗಳು ಒಂದು ಓಣಿಯಾಗುವಷ್ಟಿದ್ದವು. ಒಂದರ ಒಳಗೂ ಅವಳು ಕಟ್ಟಿ ಮುಗಿದ ಮೇಲೆ ಕಾಲಿಟ್ಟಿರಲಿಲ್ಲ. ಗೃಹಪ್ರವೇಶದ ದಿನ ಹಿಂದಿನ ಬಾಗಿಲಿನ ಹತ್ತಿರ ಎಲೆ ಹಾಕುತ್ತಿದ್ದರು. ಉಂಡು ಬರುತ್ತಿದ್ದಳು.

ನೀರು ಕುಡಿದ ಉಸುಕು ಭಾರ ಅಂತ ಎಲ್ಲರೂ ತಿಳಿಯುತ್ತಾರೆ. ಹೊರದವರು ಹಾಗೆ ತಿಳಿಯುತ್ತಾರೆ. ಹೊತ್ತವಳ ತಲೆಗೆ ಬೇರೆಯೇ ಗೊತ್ತು. ಒಣ ಉಸುಕಿನ ಬುಟ್ಟಿಗಿಂತ ಹಸಿ ಉಸುಕಿನ ಬುಟ್ಟಿ ಹಗುರ. ಬುಟ್ಟಿ ಅದೇ, ಅಂಚಿಗೆ ಸರಿಯಾಗಿ ತುಂಬಿದ್ದೂ ಅಷ್ಟೇ. ಆದರೂ ಕುತ್ತಿಗೆ ಒಂದಿಷ್ಟು ಉಸಿರು ಬಿಡುತ್ತದೆ. ಮೊದಮೊದಲು ಯಲ್ಲಕ್ಕ ಇದನ್ನು ದೇವರ ದಯೆ ಅಂದುಕೊಂಡಿದ್ದಳು.

ದಯೆಯಲ್ಲ ಅಂತ ಹೇಳಿಕೊಟ್ಟವನು ಮಾಯಪ್ಪ. ಮಾಯಪ್ಪ ಹಳೆಯ ಗೌಂಡಿ. ಕುರಿ ಮಾರಿ ಕರಣಿ ಹಿಡಿದವನು, ಸಾಲೆಯ ಮೆಟ್ಟಿಲು ಹತ್ತಿದವನಲ್ಲ. ಗೋಕಾಕದಲ್ಲಿ, ಯಲ್ಲಕ್ಕನ ಊರಿನವನೇ ಆದ ಗುತ್ತೇದಾರ ಗುರುಪಾದನ ಸ್ವಂತ ಮನೆ ಕಟ್ಟುವಾಗ ಮಾಯಪ್ಪ ಅವಳನ್ನು ಉಸುಕಿನ ರಾಶಿಯ ಹತ್ತಿರ ನಿಲ್ಲಿಸಿ ಹೇಳಿದ್ದ. ಒಂದು ಚೀಲ ಸಿಮೆಂಟಿಗೆ ಎಂಟು ಬುಟ್ಟಿ ಉಸುಕು, ಹದಿನಾರು ಬುಟ್ಟಿ ಖಡಿ. ಅದು ಒಣ ಉಸುಕಿನ ಲೆಕ್ಕ. ಮುಷ್ಟಿಯಲ್ಲಿ ಹಿಡಿದು ಬಿಟ್ಟರೆ ಉಂಡಿಯಾಗಿ ನಿಂತಿತೋ, ಆಗ ಹತ್ತು ಬುಟ್ಟಿ.

"ಜ್ವಾಳದ ಹಿಟ್ಟ ಜರಡಿ ಹಿಡದಾಗ ಸೇರು ತುಂಬಿ ಚೆಲ್ಲತೈತಿಲ್ಲ? ಖರೆ ರೊಟ್ಟಿ ಎಷ್ಟಾಗ್ತಾವು?" ಅಂತ ಅವನು ಕೇಳಿದ್ದ. "ಇದೂ ಹಂಗ. ನೀರ ಕಾಳಿನ ನಡುವ ಹೊಕ್ಕು ಅವನ್ನ ದೂರ ಸರಸತೈತಿ. ಬುಟ್ಟಿ ತುಂಬಿರತೈತಿ, ಉಸುಕು ಇರೂದಿಲ್ಲ."

ಯಲ್ಲಕ್ಕನಿಗೆ ಆವತ್ತೇ ತಿಳಿಯಿತು. ಹಿಟ್ಟು, ಸೇರು, ರೊಟ್ಟಿ ಅವಳಿಗೆ ಗೊತ್ತಿದ್ದ ಲೆಕ್ಕ. ಅಲ್ಲಿಂದ ಮುಂದೆ ಯಾವ ಕೆಲಸಕ್ಕೆ ಹೋದರೂ ಮೊದಲು ರಾಶಿಗೆ ಕೈ ಹಾಕುತ್ತಿದ್ದಳು. ಹಸಿಯಿದ್ದರೆ ಹತ್ತು, ಅರೆಹಸಿಯಿದ್ದರೆ ಒಂಬತ್ತು, ಒಣಗಿದ್ದರೆ ಎಂಟು. ಯಾರೂ ಕೇಳುತ್ತಿರಲಿಲ್ಲ, ಅವಳೂ ಹೇಳುತ್ತಿರಲಿಲ್ಲ. ಮಾಯಪ್ಪನಿಗೆ ಅವಳ ಕೈ ಮೇಲೆ ಭರವಸೆ. ಗುರುಪಾದನ ಮನೆಯ ಸ್ಲ್ಯಾಬು ಎರಡು ದಿನ ಹಾಕಿದರು, ಎರಡೂ ದಿನ ಚೀಲಕ್ಕೆ ಹತ್ತು ಬುಟ್ಟಿ ಬಿತ್ತು. ಗುರುಪಾದ ನೆರಳಿನಲ್ಲಿ ಕುರ್ಚಿ ಹಾಕಿಕೊಂಡು ಕುಂತು ನೋಡುತ್ತಿದ್ದ. ತನ್ನ ತಲೆಯ ಮೇಲಿನ ಸೂರಿಗೆ ಎಷ್ಟು ಬುಟ್ಟಿ ಬಿದ್ದವು ಅಂತ ಅವನು ಎಣಿಸಲಿಲ್ಲ.

ಅವನು ಎಣಿಸತೊಡಗಿದ್ದು ಕೇರಿಯ ಕೆಲಸ ಬಂದಾಗ.

ಕೇರಿಯ ಕೆಲಸ ಅಂದರೆ ಒಂದು ಅಂಗನವಾಡಿ ಕೋಣೆ. ಅದಕ್ಕೂ ಮೊದಲು ಊರಿಗೆಲ್ಲ ಒಂದೇ ಅಂಗನವಾಡಿ ಇತ್ತು, ಊರ ನಡುವಿನ ಓಣಿಯಲ್ಲಿ, ಒಬ್ಬರ ಬಾಡಿಗೆ ಪಡಸಾಲೆಯಲ್ಲಿ. ಕೇರಿಯ ಕೂಸುಗಳನ್ನೂ ಸೇರಿಸಿಕೊಳ್ಳಬೇಕು ಅಂತ ಕಾನೂನು. ಸೇರಿಸಿಕೊಂಡಿದ್ದರು. ಹೊಸ್ತಿಲ ಆಚೆ, ಚಪ್ಪಲಿ ಬಿಡುವ ಕಟ್ಟೆಯ ಮೇಲೆ ಒಂದು ತಾಡಪತ್ರಿ ಹಾಸಿ ಅಲ್ಲಿ ಸೇರಿಸಿಕೊಂಡಿದ್ದರು. ತಾಟು ಮನೆಯಿಂದ ತರಬೇಕು. ತತ್ತಿ ತಾಟಿಗೆ ಮೇಲಿನಿಂದ ಬೀಳುತ್ತಿತ್ತು. ಯಲ್ಲಕ್ಕನ ಮೊಮ್ಮಗಳು ರಾಧಿಕಾ ಮೂರು ವರ್ಷದವಳು. ಮಗಳು ಅಳಿಯ ಸಂಕೇಶ್ವರದ ಕಡೆ ಕಬ್ಬು ಕಡಿಯಲು ಹೋದರೆ ಆರು ತಿಂಗಳು ಬರುವುದಿಲ್ಲ, ಕೂಸು ಅಜ್ಜಿಯ ಹತ್ತಿರ. ಒಂದು ದಿನ ರಾಧಿಕಾ ಮನೆಯಲ್ಲಿ ಆಟ ಆಡುತ್ತ ಗೊಂಬೆಯನ್ನು ಹೊಸ್ತಿಲ ಹೊರಗೆ ಕೂರಿಸಿ, ಅದರ ಮುಂದೆ ದೂರದಿಂದ ಒಂದು ಹರಳು ಒಗೆದಳು. ಏನವ್ವ ಅದು ಅಂದರೆ, ತತ್ತಿ ಅಂದಳು.

ಕೇರಿಯವರು ಏಳು ವರ್ಷ ಅರ್ಜಿ ಕೊಟ್ಟರು. ಕೂಲಿ ಬಿಟ್ಟು ಕಚೇರಿಯ ಮುಂದೆ ಕುಂತರು. ನಮ್ಮ ಕೂಸುಗಳಿಗೆ ನಮ್ಮ ಕೇರಿಯಲ್ಲೇ ಒಂದು ಕೋಣೆ ಕೊಡಿ, ಒಳಗೆ ಕೂಡ್ರುವ ಕೋಣೆ ಅಂತ ಕೇಳಿದರು. ಕಡೆಗೆ ಮಂಜೂರಾಯಿತು. ಗುತ್ತಿಗೆ ಗುರುಪಾದನಿಗೆ ಹೋಯಿತು. ಯಾರಿಗೆ ಹೋದರೇನು, ಕೋಣೆ ನಮ್ಮದು ಅಂತ ಯಲ್ಲಕ್ಕ ಎಲ್ಲರಿಗೂ ಹೇಳಿದಳು. ಪಾಯಾ ತೆಗೆದದ್ದು, ಗೋಡೆ ಎಬ್ಬಿಸಿದ್ದು ಎಲ್ಲ ಕೇರಿಯ ಹೆಂಗಸರ ತಲೆಯ ಮೇಲೆಯೇ. ತಮ್ಮ ಮನೆಯ ಮುಂದೆ ತಮ್ಮದೇ ಕೆಲಸ. ಅಷ್ಟು ವರ್ಷದಲ್ಲಿ ಮೊದಲ ಸಲ ಬುತ್ತಿ ಕಟ್ಟುವ ಅಗತ್ಯವಿರಲಿಲ್ಲ.

ಸ್ಲ್ಯಾಬು ಹಾಕುವ ದಿನ ಬಂತು. ಉಸುಕು ಹಿಂದಿನ ದಿನ ಹಳ್ಳದಿಂದ ಬಂದಿತ್ತು, ಹಸಿಹಸಿ. ಯಲ್ಲಕ್ಕ ಮುಷ್ಟಿ ಕಟ್ಟಿ ಬಿಟ್ಟಳು. ಐದು ಬೆರಳಿನ ಗುರುತಿನ ಸಮೇತ ಉಂಡಿ ನಿಂತಿತು. ಮಿಕ್ಸರ್ ಶುರುವಾಯಿತು. ಒಂಬತ್ತು ಜನ ಹೆಂಗಸರು. ಮೊದಲ ಚೀಲಕ್ಕೆ ಹತ್ತು ಬುಟ್ಟಿ ಬಿತ್ತು.

ಗುರುಪಾದ ಮೋಟರ್ ಸೈಕಲ್ಲಿಗೆ ಒರಗಿ ನಿಂತಿದ್ದ. ಕೈಯಲ್ಲಿ ಮಡಚಿದ ಕಾಗದ. ಎರಡನೆಯ ಚೀಲ ಒಡೆಯುವ ಹೊತ್ತಿಗೆ ಹತ್ತಿರ ಬಂದ. ತನಗಿಂತ ದೊಡ್ಡವಳಾದ ಯಲ್ಲಕ್ಕನನ್ನು ಅವನು ಯಲ್ಲಿ ಅಂತಲೇ ಕರೆಯುತ್ತಿದ್ದ. ಅವನ ಅಪ್ಪ ಅವಳ ಅವ್ವನನ್ನು ಕರೆದದ್ದೂ ಹೀಗೇ ಮೊಟಕು ಮಾಡಿ.

"ಏ ಯಲ್ಲಿ, ಎಷ್ಟ ಬುಟ್ಟಿ ಹಾಕಾಕತ್ತಿ?"

"ಹತ್ತ ರೀ ಸಾವ್ಕಾರ್ರ."

"ಕಾಗದದಾಗ ಎಂಟ ಐತಿ."

ಉಸುಕು ಹಸಿ ಐತ್ರಿ ಅಂದಳು ಯಲ್ಲಕ್ಕ. ಹಸಿ ಇದ್ದರೇನು, ಬುಟ್ಟಿ ತುಂಬಿರುತ್ತದೋ ಇಲ್ಲವೋ ಅಂತ ಅವನು ಕೇಳಿದ. ತುಂಬಿರುತ್ತದೆ, ಆದರೆ ಒಳಗೆ ಉಸುಕು ಕಡಿಮೆ ಇರುತ್ತದೆ ಅಂದಳು. ಮಿಕ್ಸರ್ ಹತ್ತಿರ ಇದ್ದವರು ನಕ್ಕರು. ಗುರುಪಾದನೂ ನಕ್ಕ. ಅವನು ಸಿಟ್ಟಿನ ಮನುಷ್ಯನಲ್ಲ, ನಗುತ್ತಲೇ ಮಾತಾಡುವವನು. ಎಂಟು ಹೊರು ಅಂದರೆ ಹತ್ತು ಹೊರುತ್ತೇನೆ ಅನ್ನುವ ಕೂಲಿಯವಳನ್ನು ಇವತ್ತೇ ನೋಡಿದ್ದು ಅಂದ. ಹೆಚ್ಚಿನ ಎರಡು ಬುಟ್ಟಿಗೆ ಹೆಚ್ಚಿನ ಪಗಾರ ಕೇಳುತ್ತೀ ಏನು ಅಂತಲೂ ಕೇಳಿದ.

"ಪಗಾರ ಬ್ಯಾಡ್ರಿ," ಅಂದಳು ಯಲ್ಲಕ್ಕ. "ನಿಮ್ಮ ಮನಿಗಿ ಹತ್ತ ಹಾಕೀನಿ. ಇಲ್ಲೂ ಹತ್ತ ಹಾಕ್ತೀನಿ."

ನಗು ನಿಂತಿತು. ಅವನು ಮಾಯಪ್ಪನ ಕಡೆ ನೋಡಿದ. ಮಾಯಪ್ಪ ಸೆಂಟ್ರಿಂಗ್ ಹಲಗೆಯ ಮೇಲೆ ಕರಣಿ ಹಿಡಿದು ನಿಂತಿದ್ದ. ಇವಳು ಹೇಳುವುದು ಖರೆಯೇನು ಅಂತ ಗುರುಪಾದ ಕೇಳಿದ.

ಮಾಯಪ್ಪನ ಮಗ ದುಂಡೇಶನಿಗೆ ಗುರುಪಾದ ಹೋದ ತಿಂಗಳಷ್ಟೇ ಟ್ರ್ಯಾಕ್ಟರ್ ಓಡಿಸುವ ಕೆಲಸ ಕೊಟ್ಟಿದ್ದ. ಮಾಯಪ್ಪ ಕರಣಿಗೆ ಅಂಟಿದ್ದ ಗಾರೆಯನ್ನು ಬೆರಳಿನಿಂದ ತೆಗೆಯುತ್ತ, "ನೀವ ಹೆಂಗ ಅಂತೀರಿ ಹಂಗ್ರಿ" ಅಂದ. ಯಲ್ಲಕ್ಕನ ಕಡೆ ನೋಡಲಿಲ್ಲ.

ಆಗ ಯಲ್ಲಕ್ಕ ಒಂದು ತಪ್ಪು ಮಾಡಿದಳು. ಬಾಯಿಯಿಂದ ಹೇಳಿದ್ದನ್ನು ನಂಬದಿದ್ದರೆ ಕಣ್ಣಿಗೆ ತೋರಿಸಿದರೆ ನಂಬುತ್ತಾರೆ ಅಂತ ತಿಳಿದಳು. ಕೇರಿಯ ಮಂದಿಗೆ ಈ ಹುಚ್ಚು ಮೊದಲಿನಿಂದಲೂ ಇದೆ. ಇವರಿಗೆ ಗೊತ್ತಿಲ್ಲ, ಗೊತ್ತಾದರೆ ಸರಿಹೋಗುತ್ತಾರೆ ಅಂತ ಅರ್ಜಿಯ ಮೇಲೆ ಅರ್ಜಿ ಬರೆಯುತ್ತಾರೆ.

ಅವಳು ಮನೆಗೆ ಹೋಗಿ ಉಪ್ಪಿನಕಾಯಿ ಹಾಕುವ ಗಾಜಿನ ಬಾಟಲಿ ತೊಳೆದು ತಂದಳು. ಅಷ್ಟರಲ್ಲಿ ಇಲಾಖೆಯ ಎಂಜಿನಿಯರ್ ಮಹೇಶ ಬಂದು ಇಳಿದಿದ್ದ. ಎಳೆಯ ಹುಡುಗ, ಕೆಲಸಕ್ಕೆ ಸೇರಿ ಎರಡು ವರ್ಷ. ಯಲ್ಲಕ್ಕ ಅವನ ಮುಂದೆಯೇ ನೆಲದ ಮೇಲೆ ಕುಂತಳು.

"ಏನ್ ಯಲ್ಲಿ, ಇಲ್ಲೇ ಉಪ್ಪಿನಕಾಯಿ ಹಾಕಾಕತ್ತಿ?" ಅಂದ ಗುರುಪಾದ.

ಅವಳು ರಾಶಿಯ ಹಸಿ ಉಸುಕನ್ನು ಬಾಟಲಿಗೆ ಕಂಠದವರೆಗೆ ತುಂಬಿದಳು. ಅಂಗೈಯಿಂದ ಸಮ ಮಾಡಿದಳು. ಎಲ್ಲರಿಗೂ ಎತ್ತಿ ತೋರಿಸಿದಳು. ಆಮೇಲೆ ಒಂದು ಖಾಲಿ ಸಿಮೆಂಟು ಚೀಲದ ಮೇಲೆ ಅಷ್ಟನ್ನೂ ಸುರುವಿ, ಒಂದು ಕಾಳೂ ಬಿಡದೆ ಬಡಿದು ತೆಗೆದಳು. ಬಾಟಲಿಗೆ ಅರ್ಧ ನೀರು ಹಾಕಿದಳು. ಚೀಲದ ಮೇಲಿನ ಉಸುಕನ್ನು ಚಿಟಿಕೆ ಚಿಟಿಕೆಯಾಗಿ ಆ ನೀರಿಗೆ ಬಿಟ್ಟಳು. ಕಡ್ಡಿಯಿಂದ ತಿರುವಿದಳು. ಉಸುಕೆಲ್ಲ ಒಳಗೆ ಹೋಯಿತು. ಹಸಿಯಲ್ಲಿ ದೂರ ಸರಿದಿದ್ದ ಕಾಳು ನೀರಲ್ಲಿ ಪೂರ್ತಿ ಮುಳುಗಿದೊಡನೆ ಒಂದಕ್ಕೊಂದು ಒತ್ತಿ ತಳಕ್ಕೆ ಕುಂತವು. ಮೊದಲು ಕಂಠದವರೆಗೆ ಇದ್ದದ್ದು ಈಗ ನಾಲ್ಕು ಬೆರಳು ಕೆಳಗಿತ್ತು. ಮೇಲೆ ಬರೀ ನೀರು.

"ನೋಡ್ರಿ ಸಾಹೇಬ್ರ. ಕಾಲು ಪಾಲು ಸುಳ್ಳು ಐತಿ."

ಮಹೇಶ ಎರಡೂ ಕೈ ಹಿಂದೆ ಕಟ್ಟಿಕೊಂಡು ಬಗ್ಗಿ ನೋಡಿದ. ಬಾಟಲಿ ಮುಟ್ಟಲಿಲ್ಲ. ಅವನ ಮುಖ ನೋಡಿದರೆ ಸಾಕಿತ್ತು, ಅವನಿಗೆ ಗೊತ್ತಿತ್ತು. ಕಾಲೇಜಿನಲ್ಲಿ ಇದೇ ಪಾಠ ಆಗಿತ್ತು, ಇಂಥದೇ ಬಾಟಲಿ ಇಟ್ಟುಕೊಂಡು ಅಂಕ ತೆಗೆದುಕೊಂಡಿದ್ದ. ಸಣ್ಣ ದನಿಯಲ್ಲಿ ಇದು ಪುಸ್ತಕದಾಗೂ ಐತಿ ಅಂದ. ಗುರುಪಾದ ಅವನ ಕಡೆ ಒಮ್ಮೆ ನೋಡಿದ, ನಗುತ್ತಲೇ. ಮಹೇಶ ನೆಟ್ಟಗೆ ನಿಂತ. ಅಂದಾಜು ಕಾಗದದಲ್ಲಿ ಎಂಟು ಅಂತ ಇದೆ, ಬದಲಿಸುವ ಅಧಿಕಾರ ತನಗಿಲ್ಲ ಅಂದ. ಊರೊಳಗೆ ಚಹಾ ಕುಡಿದು ಬರುತ್ತೇನೆ ಅಂತ ಗಾಡಿ ಹತ್ತಿದ. ಸ್ಲ್ಯಾಬು ಮುಗಿಯುವವರೆಗೆ ಬರಲಿಲ್ಲ.

ಗುರುಪಾದ ಸಮಾಧಾನವಾಗಿ ಹೇಳಿದ. ಆಯಿತಲ್ಲ ನಾಟಕ, ಇನ್ನು ಎಂಟು ತುಂಬು.

ಯಲ್ಲಕ್ಕ ಸಿಂಬಿಯನ್ನು ತಲೆಯಿಂದ ತೆಗೆದಳು. ಬುಟ್ಟಿಯನ್ನು ಬೋರಲು ಹಾಕಿದಳು. ಉಸುಕಿನ ರಾಶಿಗೂ ಮಿಕ್ಸರಿಗೂ ನಡುವೆ ಅದರ ಮೇಲೆ ಕುಂತಳು.

"ನಾ ತುಂಬೂದಿಲ್ಲ."

"ತುಂಬಬ್ಯಾಡ. ಮನಿಗಿ ಹೋಗು."

"ಹೋಗೂದೂ ಇಲ್ಲ. ಇದರ ಬುಡಕ ನಮ್ಮ ಕೂಸ ಕೂಡ್ರತಾವು. ನಿಮ್ಮವಲ್ಲ."

ಇಪ್ಪತ್ತೆರಡು ವರ್ಷದಲ್ಲಿ ಅವಳು ರೀ ಹಚ್ಚದೆ ಅವನಂಥವರ ಮುಂದೆ ಮಾತಾಡಿದ್ದು ಅದೇ ಮೊದಲು. ಗುರುಪಾದ ಕೈ ಎತ್ತಲಿಲ್ಲ, ಬಯ್ಯಲಿಲ್ಲ. ಉಳಿದ ಎಂಟು ಜನ ಹೆಂಗಸರ ಕಡೆ ತಿರುಗಿದ. ಇವತ್ತು ಯಾರು ಎಂಟು ಬುಟ್ಟಿ ತುಂಬುತ್ತಾರೋ ಅವರಿಗೆ ಐವತ್ತು ರೂಪಾಯಿ ಮೇಲೆ. ನಾಳೆಯಿಂದ ಉಸುಕು ಸೋಸುವ ಕೆಲಸವೂ ಅವರಿಗೇ. ಒಲ್ಲೆ ಅನ್ನುವವರು ಈಗಲೇ ಹೇಳಲಿ, ಮೂಡಲಗಿಯಿಂದ ಒಂದು ಟೆಂಪೋ ಆಳು ತರಿಸುತ್ತೇನೆ.

ಮಿಕ್ಸರ್ ಖಾಲಿ ತಿರುಗುತ್ತಿತ್ತು. ಯಲ್ಲಕ್ಕ ಯಾರ ಮುಖವನ್ನೂ ನೋಡಲಿಲ್ಲ. ನೋಡಿದರೆ ಕೇಳಿದಂತಾಗುತ್ತದೆ, ಕೇಳಿದರೆ ಅವರು ಇಲ್ಲ ಅನ್ನಬೇಕಾಗುತ್ತದೆ ಅಂತ ನೆಲ ನೋಡುತ್ತ ಕುಂತಳು.

ಮೊದಲು ಎದ್ದವಳು ಚನ್ನವ್ವ. ಯಲ್ಲಕ್ಕನ ಪಕ್ಕದ ಮನೆಯವಳು, ಒಟ್ಟಿಗೆ ಹೊರಲು ಕಲಿತವಳು. ಅವಳ ಗಂಡ ಎರಡು ವರ್ಷದಿಂದ ಸೊಂಟ ಮುರಿದುಕೊಂಡು ಹಾಸಿಗೆಯಲ್ಲಿದ್ದ. ಹಾಯುವಾಗ ಒಂದು ಗಳಿಗೆ ನಿಂತಳು.

"ಯಕ್ಕಾ, ನಿನಗ ಒಂದ ಕೂಸ ಐತಿ. ನಾವು ಮನಿಯಾಗ ಐದ ಮಂದಿ ಅದೀವಿ."

ಯಲ್ಲಕ್ಕ ತಲೆ ಆಡಿಸಿದಳು. ಹೋಗು ಅನ್ನುವಂತೆ. ಚನ್ನವ್ವ ಎಂಟು ಬುಟ್ಟಿ ತುಂಬಿದಳು. ಹಿಂದೆ ಉಳಿದವರೂ ಎದ್ದರು.

ದಿನವಿಡೀ ಅವರು ಯಲ್ಲಕ್ಕನನ್ನು ಸುತ್ತಿ ಹಾಯ್ದು ಹೊತ್ತರು. ನಡುವೆ ಕುಂತ ಒಂದು ಕಲ್ಲನ್ನು ಸುತ್ತಿ ಹಾಯುವಂತೆ. ಉಸುಕಿನ ಕಾಳು ಅವಳ ಹೆಗಲ ಮೇಲೆ ಬಿದ್ದವು. ಕಲಸಿದ ಬುಟ್ಟಿಗಳಿಂದ ಸಿಮೆಂಟಿನ ನೀರು ತೊಟ್ಟಿಕ್ಕಿ ಅವಳ ನೆತ್ತಿಯಲ್ಲಿ, ಕೂದಲಿಲ್ಲದ ಜಾಗದಲ್ಲಿ, ಉರಿಯಿತು. ಅವಳು ಒರೆಸಿಕೊಳ್ಳಲಿಲ್ಲ. ಉಸುಕು ಕಡಿಮೆಯಾದ ಕಾಂಕ್ರೀಟು ಒರಟಾಗಿ, ಖಡಿ ಬೇರೆ ಗಾರೆ ಬೇರೆಯಾಗಿ ಬೀಳುತ್ತಿತ್ತು. ಕರಣಿಗೆ ಬಗ್ಗುತ್ತಿರಲಿಲ್ಲ. ಬಗ್ಗಿಸಲು ಮಾಯಪ್ಪ ಇನ್ನಷ್ಟು ನೀರು ಹೊಯ್ಯಿರಿ ಅಂತ ಮೇಲಿನಿಂದ ಕೂಗಿದ. ಹೊಯ್ದರು. ಯಲ್ಲಕ್ಕ ಒಂದೊಂದು ಚೀಲವನ್ನೂ ಎಣಿಸಿದಳು. ಸಂಜೆಗೆ ನಲವತ್ತು ಚೀಲವಾಗಿತ್ತು. ಮೊದಲನೆಯದೊಂದನ್ನು ಬಿಟ್ಟರೆ, ಚೀಲಕ್ಕೆ ಎರಡರಂತೆ ಎಪ್ಪತ್ತೆಂಟು ಬುಟ್ಟಿ ಉಸುಕು ಆ ಸೂರಿಗೆ ಬೀಳಲಿಲ್ಲ. ಕೂಡಿಸಿದರೆ ಕಾಲು ಬ್ರಾಸು. ಸಾವಿರದ ಇನ್ನೂರು ರೂಪಾಯಿಯ ಮಾಲು.

ಎಲ್ಲರೂ ಕೈಕಾಲು ತೊಳೆಯಲು ಹೋದಾಗ ಗುರುಪಾದ ಒಬ್ಬನೇ ಉಳಿದ. ಯಲ್ಲಕ್ಕ ತನ್ನ ಮನೆಯ ಬಾಗಿಲಿನಿಂದ ನೋಡಿದಳು. ಕೇರಿಯಲ್ಲಿ ನೀರೂ ಕುಡಿಯದ ಮನುಷ್ಯ ಅವಳ ಉಪ್ಪಿನಕಾಯಿ ಬಾಟಲಿಯನ್ನು ನೆಲದಿಂದ ಎತ್ತಿಕೊಂಡ. ಬೆಳಕಿಗೆ ಹಿಡಿದ. ಬೆರಳು ಇಟ್ಟು ಅಳೆದ. ಬಹಳ ಹೊತ್ತು ನೋಡಿದ. ಆಮೇಲೆ ಇಟ್ಟು, ಕೈ ತೊಳೆದುಕೊಂಡು ಹೋದ. ಈಗಲಾದರೂ ತಿಳಿಯಿತು ಅಂತ ಯಲ್ಲಕ್ಕನಿಗೆ ಅನಿಸಿತು. ತಿಳಿದಿತ್ತು.

ಗುರುಪಾದನದು ಘಟಪ್ರಭೆಯ ದಂಡೆಯಲ್ಲಿ ಉಸುಕು ಸೋಸುವ ಒಂದು ಜಾಗವಿತ್ತು. ಜಾಳಿಗೆಗೆ ಉಸುಕು ಎಸೆದು ಹರಳು ಬೇರೆ ಮಾಡುವ ಕೆಲಸ. ಕಟ್ಟಡದ ಕೆಲಸ ಇಲ್ಲದಾಗ ಕೇರಿಯ ಹೆಂಗಸರಿಗೆ ಅದೇ ಅನ್ನ. ಪಗಾರ ದಿನದ್ದಲ್ಲ, ಬ್ರಾಸಿನ ಮೇಲೆ. ವಾರಕ್ಕೊಮ್ಮೆ ಸೋಸಿದ ರಾಶಿಯನ್ನು ಚೌಕಾಗಿ ಮಟ್ಟ ಮಾಡಿ, ಟೇಪು ಹಿಡಿದು ಉದ್ದ ಅಗಲ ಎತ್ತರ ಅಳೆದು ಕೊಡುತ್ತಿದ್ದರು. ಸ್ಲ್ಯಾಬು ಹಾಕಿದ ಮುಂದಿನ ಶನಿವಾರ ಹೆಂಗಸರು ರಾಶಿ ಮಟ್ಟ ಮಾಡಿ ಕಾದು ನಿಂತರು. ಗುರುಪಾದ ಬಂದ. ಟೇಪು ತೆಗೆಯಲಿಲ್ಲ. ಪಂಪು ಶುರು ಮಾಡಿಸಿ ರಾಶಿಯ ಮೇಲೆ ಪೈಪು ಬಿಡಿಸಿದ. ಅರ್ಧ ತಾಸು ನೀರು ಹರಿಯಿತು. ಉಬ್ಬಿದ ರಾಶಿ ಅವರ ಕಣ್ಣ ಮುಂದೆ ಗಟ್ಟಿಯಾಗಿ ಕೆಳಗೆ ಕುಂತಿತು. ಆಮೇಲೆ ಟೇಪು ಹಿಡಿದ. ನಾಲ್ಕು ಬ್ರಾಸು ಇದ್ದದ್ದು ಮೂರು ಚಿಲ್ಲರೆ.

ಇದೇನ್ರಿ ಅಂತ ಚನ್ನವ್ವ ಕೇಳಿದಳಂತೆ. ಅವನು ನಕ್ಕನಂತೆ.

"ನಂದೇನ ಐತಿ. ನಿಮ್ಮ ಯಲ್ಲಿ ಕಲಿಸಿದ್ದು. ಕಾಲು ಪಾಲು ಸುಳ್ಳು ಐತಿ ಅಂದ್ಲಲ್ಲ."

ಅವತ್ತು ಎಂಟು ಜನ ಹೆಂಗಸರು ಯಲ್ಲಕ್ಕನ ಮನೆಯ ಮುಂದೆ ಬಂದು ನಿಂತರು. ಕೈಕಾಲಿಗೆ ಇನ್ನೂ ಉಸುಕು ಅಂಟಿತ್ತು. ಯಲ್ಲಕ್ಕ ಕೇಳಿದ್ದು ಒಂದೇ ಮಾತು. ಮಾರುವಾಗಲೂ ಹೀಗೇ ನೀರು ಬಿಟ್ಟು, ಕೂರಿಸಿ, ಅಳೆದು ಕೊಡುತ್ತಾನೇನು? ಇಲ್ಲ ಅಂದಳು ಚನ್ನವ್ವ. ಈ ವಾರದಿಂದ ಮಾರುವಾಗ ಎರಡು ಕೊಡ ಚಿಮುಕಿಸಿ ಸಲಿಕೆಯಿಂದ ಎಬ್ಬಿಸಿ ಉಬ್ಬಿಸುತ್ತಾನೆ. ಟ್ರ್ಯಾಕ್ಟರಿನ ಡಬ್ಬಿ ತುಂಬಿ ಕಾಣುತ್ತದೆ. ನಮ್ಮಿಂದ ಕೊಳ್ಳುವಾಗ ಮುಳುಗಿಸುತ್ತಾನೆ, ಮಂದಿಗೆ ಮಾರುವಾಗ ಉಬ್ಬಿಸುತ್ತಾನೆ.

"ಇಷ್ಟ ದಿನ ಅವಂಗ ಗೊತ್ತಿರಲಿಲ್ಲ ಯಕ್ಕಾ," ಅಂದಳು ಚನ್ನವ್ವ. "ನಿನಗ ಗೊತ್ತಿತ್ತು. ಗೊತ್ತಿದ್ದಾಕಿ ಬಾಯಿ ಮುಚ್ಚಗೊಂಡ ಹತ್ತ ತುಂಬಿದ್ರ ಆಗ್ತಿತ್ತು. ತೋರಸಾಕ ಹೋದಿ."

ಹೆಂಗಸರು ಹೋದರು. ಕೆಲವರು ಅವಳ ಜೊತೆ ಮಾತು ಬಿಟ್ಟರು. ಬಿಟ್ಟದ್ದು ತಪ್ಪು ಅಂತ ಅವಳು ಅನ್ನಲಿಲ್ಲ.

ಮೂರು ವಾರಕ್ಕೆ ಸೆಂಟ್ರಿಂಗ್ ಬಿಚ್ಚಿದರು. ಒಳಗಿನಿಂದ ತಲೆ ಎತ್ತಿ ನೋಡಿದರೆ ಸ್ಲ್ಯಾಬಿನ ಹೊಟ್ಟೆ ಹುಳ ತಿಂದ ಕಟ್ಟಿಗೆಯಂತೆ ತೂತುತೂತು. ಖಡಿ ಹಲ್ಲಿನಂತೆ ಹೊರಗೆ ಕಾಣುತ್ತಿತ್ತು. ಎರಡು ಕಡೆ ಕಬ್ಬಿಣ ಬರಿಮೈಯಲ್ಲಿತ್ತು. ಮಾಯಪ್ಪ ಮರುದಿನವೇ ಸಿಮೆಂಟು ಬಳಿದು ಗಿಲಾಯಿ ಮಾಡಿ ಮುಚ್ಚಿದ. ಮೇಲೆ ಹಳದಿ ಬಣ್ಣ ಬಂತು. ಗೋಡೆಗೆ ಗಿಳಿ, ಮಾವಿನಹಣ್ಣು, ಬಸ್ಸು ಬರೆಸಿದರು. ಉದ್ಘಾಟನೆಯ ದಿನ ರಿಬ್ಬನ್ ಕತ್ತರಿಸಿದವರು ಗುರುಪಾದನಿಗೆ ಶಾಲು ಹೊದಿಸಿದರು. ಯಲ್ಲಕ್ಕ ಹೋಗಲಿಲ್ಲ. ಆದರೆ ಮರುದಿನ ರಾಧಿಕಾಳನ್ನು ತಾನೇ ಕರೆದುಕೊಂಡು ಹೋಗಿ ಒಳಗೆ ಕೂಡಿಸಿ ಬಂದಳು. ಬಿಡಲು ಮನಸ್ಸಿರಲಿಲ್ಲ. ಬಿಡದೆ ಬೇರೆ ದಾರಿಯೂ ಇರಲಿಲ್ಲ. ಕೂಸು ಗೋಡೆಯ ಬಸ್ಸಿನ ಹತ್ತಿರ ಜಾಗ ಹಿಡಿದು ಕುಂತಿತ್ತು. ಯಲ್ಲಕ್ಕ ಬಾಗಿಲಲ್ಲಿ ನಿಂತು ಸೂರು ನೋಡಿದಳು.

ಅವಳಿಗೆ ಆಮೇಲೆ ಕೆಲಸ ಸಿಗಲಿಲ್ಲ. ಸಂಕೇಶ್ವರಕ್ಕೆ ಹೋದಳು, ಕಣಗಲಾಕ್ಕೆ ಹೋದಳು, ಮೂಡಲಗಿಗೆ ಎರಡು ಬಸ್ಸು ಬದಲಿಸಿ ಹೋದಳು. ಗೌಂಡಿಗಳು ಒಬ್ಬರಿಗೊಬ್ಬರು ಫೋನು ಮಾಡಿಕೊಂಡಿದ್ದರು. ಓಹೋ, ಬಾಟಲಿ ಯಲ್ಲಕ್ಕ ನೀನೇ ಏನು ಅಂತ ಕೇಳುತ್ತಿದ್ದರು. ಒಬ್ಬ ಮುದುಕ ಗೌಂಡಿ ಮಾತ್ರ ಒಂದು ಕಪ್ಪು ಚಹಾ ಕೊಡಿಸಿ, ನೀ ಹೇಳಿದ್ದು ಖರೆ ಐತವ್ವ ಅಂದ. ಕೆಲಸ ಅವನೂ ಕೊಡಲಿಲ್ಲ. ಅವಳು ಮಂದಿಯ ಹೊಲದಲ್ಲಿ ಕಳೆ ತೆಗೆಯಲು ಹೋದಳು, ಇನ್ನೂರು ರೂಪಾಯಿಗೆ.

ಮೊದಲ ಮಳೆಗಾಲಕ್ಕೆ ಕೋಣೆಯ ಸೂರಿನಲ್ಲಿ ಕಲೆ ಬಿತ್ತು. ಕೂಸುಗಳು ಅದನ್ನು ಆನೆ ಅಂದವು. ಯಲ್ಲಕ್ಕ ಒಂದು ಅರ್ಜಿ ಬರೆಸಿ ಕೊಟ್ಟಳು. ಹೆಬ್ಬೆಟ್ಟು ಹಾಕಲು ಕೇರಿಯ ಮೂರು ಮನೆಯವರು ಬಂದರು. ಅರ್ಜಿ ತೆಗೆದುಕೊಂಡು ಮೊಹರು ಒತ್ತಿದರು. ಎರಡನೆಯ ಮಳೆಗಾಲಕ್ಕೆ ಕಬ್ಬಿಣ ಜಂಗು ಹಿಡಿದು ಉಬ್ಬಿ, ಗಿಲಾಯಿಯ ಸಮೇತ ತಾಟಿನಷ್ಟಗಲದ ಚಕ್ಕೆ ಕಿತ್ತು ಬಿತ್ತು. ಭಾನುವಾರ ಬಿತ್ತು. ಒಳಗೆ ಯಾರೂ ಇರಲಿಲ್ಲ. ಬಿದ್ದದ್ದು ಗೋಡೆಯ ಬಸ್ಸಿನ ಕೆಳಗೆ.

ಆಗ ಎಲ್ಲರೂ ಬಂದರು. ಮಹೇಶ ಬಂದ, ಅವನ ಮೇಲಿನವರು ಬಂದರು, ಫೋಟೋ ತೆಗೆದರು. ವರದಿ ಬರೆದರು. ಸ್ಲ್ಯಾಬು ಹಾಕುವಾಗ ಉಸುಕಿನ ಅಳತೆಯಲ್ಲಿ ಕೂಲಿಕಾರರಿಂದ ತಪ್ಪಾಗಿದೆ, ಆ ದಿನ ಕೆಲಸದ ಜಾಗದಲ್ಲಿ ಒಬ್ಬ ಮಹಿಳೆ ಅಡ್ಡಿಪಡಿಸಿದ್ದಳು ಅಂತ ಅದರಲ್ಲಿ ಇತ್ತು. ಪಂಚಾಯಿತಿಯಲ್ಲಿ ಓದಿ ಹೇಳಿದಾಗ ಯಲ್ಲಕ್ಕ ಮಹೇಶನನ್ನು ನೋಡಿದಳು. ನಿಮ್ಮ ಪುಸ್ತಕದಾಗ ಏನ ಐತಿ ಅದನ್ನೂ ಬರೀಬೇಕಾಗಿತ್ರಿ ಅಂದಳು. ಅವನು ಕಾಗದ ಮಡಚಿದ. ಮಾಯಪ್ಪ ಅಲ್ಲೇ ಕುಂತಿದ್ದ, ಎದ್ದು ಹೊರಗೆ ಹೋದ.

ಕೋಣೆಗೆ ಬೀಗ ಹಾಕಿದರು. ಹೊಸದಕ್ಕೆ ಮತ್ತೆ ಅರ್ಜಿ ಕೊಡಿ ಅಂದರು. ಗುರುಪಾದನಿಗೆ ಆ ವರ್ಷ ಇನ್ನೂ ಎರಡು ಕೆಲಸ ಸಿಕ್ಕವು. ಹೊಳೆಯ ದಂಡೆಯಲ್ಲಿ ಪ್ರತಿ ಶನಿವಾರ ಪೈಪು ಹರಿಯುತ್ತಿದೆ. ಚನ್ನವ್ವ ಮತ್ತು ಉಳಿದವರು ನಾಲ್ಕು ಸೋಸಿ ಮೂರರ ಪಗಾರ ತರುತ್ತಾರೆ. ಯಲ್ಲಕ್ಕ ಕಳೆ ತೆಗೆಯುತ್ತಾಳೆ.

ಕೇರಿಯ ಹದಿನೇಳು ಕೂಸುಗಳು ತಾಟು ಹಿಡಿದು ಊರೊಳಗಿನ ಅಂಗನವಾಡಿಗೆ ಹೋಗುತ್ತವೆ. ಹೊಸ್ತಿಲ ಆಚೆ ಕೂಡ್ರುತ್ತವೆ.